ತುಂಗಭದ್ರೆಯ ಆರೋಗ್ಯ ಅಳೆಯಲು ಮೀನು ಹೇಳುವ ಸಾಕ್ಷಿ

ಹರಿಹರದ ಬಳಿ ತುಂಗಭದ್ರೆಯಿಂದ ಒಂದು ಬಾಟಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಕಳುಹಿಸಿದರೆ, ಆ ಹೊತ್ತಿನಲ್ಲಿ ನೀರಿನಲ್ಲಿ ಕರಗಿದ್ದ ಆಮ್ಲಜನಕ ಎಷ್ಟು, ಕೊಳೆ ಎಷ್ಟು ಎಂಬುದು ತಿಳಿಯುತ್ತದೆ. ರಾತ್ರೋರಾತ್ರಿ ನದಿಗೆ ಬಿಟ್ಟ ತ್ಯಾಜ್ಯ ಬೆಳಗಾಗುವಷ್ಟರಲ್ಲಿ ಹರಿದುಹೋಗಿದ್ದರೆ ಬಾಟಲಿಯಲ್ಲಿ ಅದರ ಸುಳಿವು ಇರುವುದಿಲ್ಲ. ಅದೇ ನೀರಿನಲ್ಲಿ ವರ್ಷಗಟ್ಟಲೆ ಬದುಕಿದ ಮೀನು ಆ ರಾತ್ರಿಯ ಪರಿಣಾಮವನ್ನೂ ಅದಕ್ಕೂ ಹಿಂದಿನ ಬೇಸಿಗೆಗಳ ಬಾಧೆಯನ್ನೂ ಅನುಭವಿಸಿರುತ್ತದೆ.

ಜೀವಿಗಳನ್ನು ನೋಡಿ ನೀರಿನ ಗುಣ ಹೇಳುವ ಪದ್ಧತಿಯನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಜರ್ಮನಿಯ ವಿಜ್ಞಾನಿಗಳಾದ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ ರೂಪಿಸಿದ್ದರು. ನಮ್ಮ ನದಿಗೂ ಈ ಇತಿಹಾಸದಲ್ಲಿ ಜಾಗವಿದೆ. ಭದ್ರಾವತಿಯ ಕಾರ್ಖಾನೆಗಳ ತ್ಯಾಜ್ಯದಿಂದ ಭದ್ರಾ ನದಿಯ ಮೀನುಗಾರಿಕೆಗೆ ಆಗುತ್ತಿದ್ದ ಹಾನಿಯ ಕುರಿತು ಎ. ಡೇವಿಡ್ ಅವರು 1956ರಲ್ಲಿಯೇ ವಿಸ್ತಾರವಾದ ಅಧ್ಯಯನ ಪ್ರಕಟಿಸಿದ್ದರು. ಆ ನೀರೇ ಕೂಡ್ಲಿಯಲ್ಲಿ ತುಂಗೆಯನ್ನು ಸೇರಿ ಹೊನ್ನಾಳಿ, ಹರಿಹರಗಳ ಕಡೆಗೆ ಬರುತ್ತದೆ.

ಬಿಡಿ ಅಧ್ಯಯನಗಳನ್ನು ಅಳತೆಗೋಲಾಗಿ ಮಾಡಿದವರು ಅಮೆರಿಕದ ಜೀವವಿಜ್ಞಾನಿ ಜೇಮ್ಸ್ ಕಾರ್. ನದಿಗಳ ರಾಸಾಯನಿಕ, ಭೌತಿಕ ಹಾಗೂ ಜೈವಿಕ ಸಮಗ್ರತೆಯನ್ನು ಕಾಪಾಡಬೇಕೆಂದು ಅಲ್ಲಿನ 1972ರ ಕಾನೂನು ಹೇಳಿತ್ತಾದರೂ, ಜೈವಿಕ ಸಮಗ್ರತೆಯನ್ನು ಅಳೆಯುವುದು ಹೇಗೆಂಬುದಕ್ಕೆ ಒಪ್ಪಿತ ವಿಧಾನವಿರಲಿಲ್ಲ. ಕಾರ್ 1981ರಲ್ಲಿ ಮುಂದಿಟ್ಟ ಸೂಚ್ಯಂಕದಲ್ಲಿ ಹನ್ನೆರಡು ಅಂಶಗಳಿದ್ದವು: ಒಟ್ಟು ಎಷ್ಟು ಜಾತಿಯ ಮೀನುಗಳಿವೆ, ಮಾಲಿನ್ಯ ತಾಳಲಾರದ ಜಾತಿಗಳು ಉಳಿದಿವೆಯೇ, ಸಿಕ್ಕಿದ್ದನ್ನೆಲ್ಲ ತಿನ್ನುವ ಮೀನಿನ ಪಾಲು ಹೆಚ್ಚಿದೆಯೇ, ಬೇರೆ ಮೀನನ್ನು ಬೇಟೆಯಾಡುವ ದೊಡ್ಡ ಮೀನುಗಳು ಇವೆಯೇ ಮುಂತಾದವು. ಹಿಡಿದ ಮೀನನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ, ರೆಕ್ಕೆ ಕೊಳೆತಿದೆಯೇ, ಮೈಮೇಲೆ ಹುಣ್ಣು ಅಥವಾ ಗಡ್ಡೆ ಇದೆಯೇ ಎಂದು ಬರೆದುಕೊಳ್ಳುವುದೂ ಇದರ ಭಾಗ. ಪ್ರತಿ ಅಂಶಕ್ಕೆ 1, 3 ಅಥವಾ 5 ಅಂಕ. ಎಲ್ಲ ಕೂಡಿದರೆ ಗರಿಷ್ಠ 60; ಅಂಕ ಹೆಚ್ಚಿದಷ್ಟೂ ನದಿ ಆರೋಗ್ಯವಾಗಿದೆ ಎಂದರ್ಥ.

ಈ ವಿಧಾನ ಹುಟ್ಟಿದ್ದು ಹಳ್ಳ, ಚಿಕ್ಕ ಹೊಳೆಗಳಲ್ಲಿ. ದೊಡ್ಡ ನದಿಯ ಕಥೆಯೇ ಬೇರೆ. ವಿದ್ಯುತ್ ಹಾಯಿಸಿ ಮೀನನ್ನು ಕ್ಷಣಕಾಲ ಮಂಕಾಗಿಸುವ ಉಪಕರಣ ದಡದ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆಯೇ ಹೊರತು ನಡುನದಿಯ ಆಳಕ್ಕೆ ಮುಟ್ಟುವುದಿಲ್ಲ. ಮೀನು ಋತುವಿಗೆ ತಕ್ಕಂತೆ ದೂರ ವಲಸೆ ಹೋಗುತ್ತದೆ. ಹೋಲಿಸಿ ನೋಡಲು ಮನುಷ್ಯ ಕೈಯಿಕ್ಕದ ದೊಡ್ಡ ನದಿ ಎಲ್ಲಿಯೂ ಸಿಗುವುದಿಲ್ಲ. ಅಮೆರಿಕದ ದೊಡ್ಡ ನದಿಯಾದ ಒಹಾಯೊಗೆ ಅದರದೇ ಆದ ಮೀನು ಸೂಚ್ಯಂಕ ಪ್ರಕಟವಾದದ್ದು 2003ರಲ್ಲಿ. ಯುರೋಪಿನ ಒಕ್ಕೂಟ 2000ದಲ್ಲಿ ತಂದ ನೀರಿನ ನೀತಿ, ನದಿಗಳ ಸ್ಥಿತಿಯನ್ನು ನಿರ್ಧರಿಸುವಾಗ ಮೀನನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ವಿಧಿಸಿತು. ಭಾರತದಲ್ಲಿ ಮಧ್ಯಪ್ರದೇಶದ ಖಾನ್ ಮತ್ತು ಕ್ಷಿಪ್ರಾ ನದಿಗಳಿಗೆ ಕಾರ್ ವಿಧಾನವನ್ನು ಒಗ್ಗಿಸಿದ ಅಧ್ಯಯನ 1998ರಲ್ಲಿ ಬಂತು.

ತುಂಗಭದ್ರೆಗೆ ಕಾರ್ ಅವರ ಸೂಚ್ಯಂಕವನ್ನು ಹಾಗೆಯೇ ತಂದು ಹಚ್ಚಲಾಗದು. ಮೇಲೆ ಲಕ್ಕವಳ್ಳಿಯ ಅಣೆಕಟ್ಟು, ಕೆಳಗೆ 1953ರಲ್ಲಿ ನೀರು ನಿಂತ ಹೊಸಪೇಟೆಯ ಅಣೆಕಟ್ಟು. ಇವೆರಡರ ನಡುವೆ ಸಿಕ್ಕಿಕೊಂಡ ಹರಿವಿಗೆ ಕೃಷ್ಣೆಯ ಕಡೆಯಿಂದ ಮೀನು ಏರಿ ಬರುವ ದಾರಿ ಇಲ್ಲ. ಗಂಗೆಯ ಬಯಲಿನ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಜಲಾಶಯಗಳಿಗೆ ಬಿಡುವುದು ದಶಕಗಳಿಂದ ನಡೆದಿದೆ. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾ ಕೆರೆ, ಹೊಳೆಗಳಲ್ಲಿ ನೆಲೆಯೂರಿದೆ. ಹೀಗಾಗಿ ಬಲೆ ತುಂಬ ಮೀನು ಬಂದರೂ ನದಿ ಚೆನ್ನಾಗಿದೆ ಎನ್ನಲು ಬರುವುದಿಲ್ಲ. ಸಂತೆಯ ತಕ್ಕಡಿಗೆ ಬೇಕಾದ್ದು ಕಿಲೋ ಲೆಕ್ಕ. ನದಿಯ ಆರೋಗ್ಯಕ್ಕೆ ಬೇಕಾದ್ದು ಯಾವ ಮೀನು, ಎಲ್ಲಿಯದು, ಏನು ತಿಂದು ಬದುಕುತ್ತದೆ ಎಂಬ ಲೆಕ್ಕ. ಮೀನುಗಾರಿಕೆಯ ಇಳುವರಿಯನ್ನೇ ನದಿಯ ಕ್ಷೇಮವೆಂದು ಓದುವುದು ಈ ವಿಷಯದಲ್ಲಿ ಅತ್ಯಂತ ಅಪಾಯದ ತಪ್ಪು ಎಂದು ನನಗೆ ಅನ್ನಿಸುತ್ತದೆ.

ಆದ್ದರಿಂದ ಇಲ್ಲಿನ ಸೂಚ್ಯಂಕದಲ್ಲಿ ಬಿತ್ತನೆಯ ಮೀನಿಗೂ ನದಿಯ ಮೂಲ ಮೀನಿಗೂ ಬೇರೆ ಬೇರೆ ಅಂಕವಿರಬೇಕು. ಹೊನ್ನಾಳಿ, ಹರಿಹರಗಳ ಮೀನುಗಾರರು ಯಾವ ಮೀನು ಯಾವ ಮಡುವಿನಲ್ಲಿ ಸಿಗುತ್ತಿತ್ತು, ಯಾವುದು ಕಾಣೆಯಾಯಿತು ಎಂಬುದನ್ನು ಬಲ್ಲವರು. ಅವರ ಮಾತನ್ನು ಹಳೆಯ ದಾಖಲೆಗಳ ಜೊತೆ ಇಟ್ಟು ತಾಳೆ ನೋಡಬೇಕು. ಚಿತ್ರದುರ್ಗದ ಕಡೆಯಂತೂ ಇದನ್ನು ಬೇಗ ಮಾಡಬೇಕಿದೆ. ಭದ್ರಾ ಮೇಲ್ದಂಡೆ ಯೋಜನೆಯಿಂದ ಭದ್ರೆಯ ನೀರು ವೇದಾವತಿಯ ಕಣಿವೆಗೂ ವಾಣಿವಿಲಾಸ ಸಾಗರಕ್ಕೂ ಹರಿಯತೊಡಗಿದೆ, ನೀರಿನೊಡನೆ ಅಲ್ಲಿನ ಮೀನೂ ಬರಬಹುದು. ವೇದಾವತಿಯಲ್ಲಿ ಈಗ ಇರುವ ಮೀನುಗಳ ಪಟ್ಟಿ ಮೊದಲೇ ಸಿದ್ಧವಾಗಿದ್ದರೆ ಮಾತ್ರ, ಮುಂದೆ ಆಗುವ ಬದಲಾವಣೆಯನ್ನು ಅದರೊಡನೆ ಹೋಲಿಸಿ ನೋಡಬಹುದು.