ಬಂದಿದ್ದು ಗೊತ್ತು, ಹೋಗಿದ್ದು ಯಾವಾಗ?

ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಬೆಳಿಗ್ಗೆ ವಾಕಿಂಗ್ ಬರುವವರ ಕಣ್ಣೆಲ್ಲ ಹೆಜ್ಜಾರ್ಲೆಗಳ ಮೇಲೆ. ತಪ್ಪೇನಿಲ್ಲ ಬಿಡಿ, ಅಷ್ಟು ದೊಡ್ಡ ಹಕ್ಕಿ ಎದುರಿಗೇ ಮೀನು ಗೋರುತ್ತಿದ್ದರೆ ಬೇರೆ ಕಡೆ ನೋಡೋದು ಕಷ್ಟ. ನಾನು ಮಾತ್ರ ಅಕ್ಟೋಬರ್‌ನಿಂದ ದಾರಿ ಪಕ್ಕದ ಒಂದು ಹೊಂಗೆ ಮರದ ಕೆಳಗೆ ಕತ್ತು ನೋಯುವಷ್ಟು ಹೊತ್ತು ನಿಲ್ಲುತ್ತೇನೆ. ಮೇಲೆ ಎಲೆಗಳ ನಡುವೆ ಇನ್ನೊಂದು ಎಲೆಯ ಹಾಗೆ ಒಂದು ಹಕ್ಕಿ ಇರುತ್ತದೆ. ಗ್ರೀನಿಷ್ ವಾರ್ಬ್ಲರ್. ತೂಕ ಸುಮಾರು 8 ಗ್ರಾಂ, ಅಂದರೆ ನಮ್ಮ ಇಪ್ಪತ್ತು ರೂಪಾಯಿ ನಾಣ್ಯದಷ್ಟು.

ಇದು ಮೊಟ್ಟೆ ಇಟ್ಟು ಮರಿ ಮಾಡೋದು ಹಿಮಾಲಯದಿಂದ ಹಿಡಿದು ಸೈಬೀರಿಯಾವರೆಗಿನ ಕಾಡುಗಳಲ್ಲಿ. ಚಳಿಗಾಲಕ್ಕೆ ಇಲ್ಲಿಗೆ ಬರುತ್ತದೆ. ಬಂದ ಮೇಲೆ ನಾಲ್ಕಾರು ಮರ 'ನನ್ನದು' ಅಂತ ಮಾಡಿಕೊಳ್ಳುತ್ತದೆ, ಇನ್ನೊಂದು ವಾರ್ಬ್ಲರ್ ಕಾಲಿಟ್ಟರೆ ಓಡಿಸುತ್ತದೆ. ದಿನವಿಡೀ ಅದೇ ಎರಡಕ್ಷರದ ಕೂಗು, ಎಲೆ ಎಲೆ ತಿರುವಿ ಹುಳ ಹೆಕ್ಕುವ ಕೆಲಸ.

ಇಂಥ ಹಕ್ಕಿ ಬಂದ ದಿನ ಹಿಡಿಯೋದು ಸುಲಭ. ನಿನ್ನೆವರೆಗೆ ಕೂಗು ಇರಲಿಲ್ಲ, ಇವತ್ತು ಇದೆ, ಬರೆದಿಟ್ಟರೆ ಮುಗೀತು. ಹೋದ ದಿನ ಹಾಗಲ್ಲ. ಕೊನೆಯ ಸಲ ನೋಡುವಾಗ ಇದೇ ಕೊನೆ ಅಂತ ಯಾರಿಗೂ ಗೊತ್ತಿರಲ್ಲ ಅಲ್ವಾ? ಆಮೇಲೆ ಮೂರು ದಿನ, ನಾಲ್ಕು ದಿನ ಕಾಣದೆ ಹೋದಾಗ ಹಿಂದಕ್ಕೆ ಲೆಕ್ಕ ಹಾಕಬೇಕು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ 2007ರಲ್ಲಿ ಶುರುವಾದ ಮೈಗ್ರಂಟ್‌ವಾಚ್ ಯೋಜನೆ ಕೂಡ ಮೊದಲು ಜನರ ಹತ್ತಿರ ಕೇಳಿದ್ದು ವಲಸೆ ಹಕ್ಕಿ ಮೊದಲು ಕಂಡ ದಿನವನ್ನೇ. ಪಶ್ಚಿಮದ ದೇಶಗಳಲ್ಲಿ ವಸಂತ ಅಂದರೆ ಹಕ್ಕಿ ಬರುವ ಕಾಲ, ಅದಕ್ಕೆ ಅಲ್ಲಿ ಹಬ್ಬದ ಸಡಗರ. ನಮ್ಮಲ್ಲಿ ಯುಗಾದಿ ಹೊತ್ತಿಗೆ ಹಕ್ಕಿಗಳು ಗಂಟುಮೂಟೆ ಕಟ್ಟುತ್ತವೆ, ಅದನ್ನು ನೋಡೋಕೆ ಯಾರೂ ಬರಲ್ಲ.

ಆದರೆ ನೋಡೋಕೆ ಒಳ್ಳೆ ಕಾಲ ಇದೇ ಅಂತೀನಿ ನಾನು. ನಮ್ಮ ಕೆರೆಗಳಿಗೆ ಬರುವ ಗಾರ್ಗನಿ ಬಾತುಗಳನ್ನು ತಗೊಳ್ಳಿ. ಚಳಿಗಾಲದ ಶುರುವಿನಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಗೊತ್ತಾಗಲ್ಲ, ಎಲ್ಲವೂ ಮಾಸಲು ಕಂದು. ಮಾರ್ಚ್ ಹೊತ್ತಿಗೆ ಗಂಡಿನ ಕಣ್ಣಿನ ಮೇಲೆ ಸುಣ್ಣದಲ್ಲಿ ಎಳೆದ ಹಾಗೆ ದಪ್ಪ ಬಿಳಿ ಹುಬ್ಬು ಎದ್ದು ಕಾಣುತ್ತದೆ. ಮದುವೆಗೆ ಹೊರಟವರು ಇಲ್ಲೇ ಬಟ್ಟೆ ಹಾಕಿಕೊಂಡ ಹಾಗೆ! ಹೊಂಗೆ ಮರದ ನನ್ನ ಹಕ್ಕಿಯೂ ಅಷ್ಟೇ. ಐದು ತಿಂಗಳು ಬರೀ ಎರಡಕ್ಷರ ಹೇಳುತ್ತಿದ್ದದ್ದು ಏಪ್ರಿಲ್ ಮೊದಲ ವಾರ ಒಂದು ಬೆಳಿಗ್ಗೆ ಗಡಿಬಿಡಿಯಲ್ಲಿ ಸರಸರನೆ ಒಂದು ಹಾಡು ಹಾಡಿಬಿಟ್ಟಿತು, ನಾನು ಬೇರೆ ಯಾವುದೋ ಹಕ್ಕಿ ಅಂದುಕೊಂಡು ಹತ್ತು ನಿಮಿಷ ಹುಡುಕಿದೆ. ಹಾಡು ಬೇಕಾಗೋದು ಅಲ್ಲಿ, ಉತ್ತರದಲ್ಲಿ, ಹೆಣ್ಣಿಗೆ ಕೇಳಿಸೋಕೆ. ತಾಲೀಮು ಮಾತ್ರ ಮೈಸೂರಿನಲ್ಲಿ.

ಹೊರಡುವ ಸಮಯ ಆಯ್ತು ಅಂತ ಅದಕ್ಕೆ ಹೇಳೋರು ಯಾರು? ಶಾಲೆ ಪುಸ್ತಕದ ಉತ್ತರ, ಹಗಲು ಉದ್ದವಾಗುತ್ತದೆ ಅನ್ನೋದು. ನಿಜ. ಹಕ್ಕಿಗಳ ಮೆದುಳಿನ ಒಳಗೇ ಬೆಳಕು ಗುರುತಿಸುವ ಕೋಶಗಳಿವೆ, ತಲೆಬುರುಡೆ ದಾಟಿ ಬರುವ ಬೆಳಕೇ ಅವಕ್ಕೆ ಸಾಕು. ಆದರೆ ಡಿಸೆಂಬರ್ ಕೊನೆಯಿಂದ ಮಾರ್ಚ್ ಕೊನೆಗೆ ದೆಹಲಿಯಲ್ಲಿ ಹಗಲು ಸುಮಾರು ಎರಡು ಗಂಟೆ ಬೆಳೆದರೆ ಮೈಸೂರಿನಲ್ಲಿ ಬೆಳೆಯೋದು ಮುಕ್ಕಾಲು ಗಂಟೆ ಅಷ್ಟೇ. ಇಷ್ಟನ್ನೇ ನಂಬಿಕೊಂಡರೆ ಕಷ್ಟ. ಅದಕ್ಕೇ ಹಕ್ಕಿಯ ಒಳಗೆ ವರ್ಷದ ಗಡಿಯಾರವೂ ಒಂದಿದೆ. ಜರ್ಮನಿಯ ಪಕ್ಷಿ ವಿಜ್ಞಾನಿ ಎಬರ್ಹಾರ್ಡ್ ಗ್ವಿನ್ನರ್ ವಲಸೆ ಹಕ್ಕಿಗಳನ್ನು ಹಗಲು, ರಾತ್ರಿ, ಬಿಸಿ ಯಾವುದೂ ಬದಲಾಗದ ಕೋಣೆಯಲ್ಲಿ ವರ್ಷಗಟ್ಟಲೆ ಇಟ್ಟು ನೋಡಿದರು. ಹೊರಗಿನ ಸುಳಿವೇ ಇಲ್ಲದಿದ್ದರೂ ಅವು ಕಾಲಕಾಲಕ್ಕೆ ಕೊಬ್ಬು ಕೂಡಿಸಿದವು, ಗರಿ ಬದಲಿಸಿದವು, ರಾತ್ರಿ ನಿದ್ದೆಗೆಟ್ಟು ಪಂಜರದಲ್ಲಿ ಚಡಪಡಿಸಿದವು. ಗಡಿಯಾರ ಸ್ವಲ್ಪ ಮುಂದೆ ಹಿಂದೆ ಓಡುತ್ತಿತ್ತು, ನಿಲ್ಲಲಿಲ್ಲ. ಹಗಲಿನ ಉದ್ದ ಅದಕ್ಕೆ ಆಗಾಗ ಟೈಮ್ ಸರಿಮಾಡುವ ಕೆಲಸ ಮಾಡುತ್ತದೆ.

ರಾತ್ರಿ ಯಾಕೆ ಅಂದರೆ, ಇಂಥ ಪುಟ್ಟ ಹಕ್ಕಿಗಳಲ್ಲಿ ಹೆಚ್ಚಿನವು ಪ್ರಯಾಣ ಮಾಡೋದೇ ರಾತ್ರಿ. ಗಾಳಿ ತಂಪು, ಗಿಡುಗಗಳ ಕಾಟ ಕಡಿಮೆ, ಹಗಲು ಹೊಟ್ಟೆ ತುಂಬಿಸಿಕೊಳ್ಳೋಕೆ ಸಿಗುತ್ತದೆ.

ದೊಡ್ಡವರ ಕಥೆ ಬೇರೆ. ಇಲ್ಲೇ ನಂಜನಗೂಡು ತಾಲ್ಲೂಕಿನ ಹದಿನಾರು ಅನ್ನೋ ಊರಿನ ಕೆರೆಗೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ವಾಪಸ್ ಹೋಗುವಾಗ ಹಿಮಾಲಯ ದಾಟಬೇಕು. ಎವರೆಸ್ಟ್ ಮೇಲೇ ಹಾರುತ್ತವೆ ಅಂತ ಕಥೆ ಕೇಳಿರುತ್ತೀರಿ. ಬೆನ್ನಿಗೆ ಯಂತ್ರ ಕಟ್ಟಿ ಹಿಂಬಾಲಿಸಿದಾಗ ಸಿಕ್ಕ ಅತಿ ಹೆಚ್ಚಿನ ಎತ್ತರ 7,290 ಮೀಟರ್. ನನಗೆ ಎತ್ತರಕ್ಕಿಂತ ಇಷ್ಟವಾಗಿದ್ದು ಅವು ಹಾರುವ ರೀತಿ. ಒಂದೇ ಎತ್ತರದಲ್ಲಿ ನೇರ ಹೋಗೋ ಬದಲು ಬೆಟ್ಟದ ಮೈ ಸವರಿಕೊಂಡು ಏರುತ್ತವೆ, ಕಣಿವೆ ಬಂದರೆ ಇಳಿಯುತ್ತವೆ, ಮತ್ತೆ ಏರುತ್ತವೆ. ಹತ್ತಿದ್ದನ್ನು ಇಳಿಯೋದು ದಂಡ ಅನ್ನಿಸಬಹುದು. ಆದರೆ ಮೇಲಿನ ತೆಳು ಗಾಳಿಯಲ್ಲಿ ರೆಕ್ಕೆ ಬಡಿಯೋಕೆ ಶಕ್ತಿ ಜಾಸ್ತಿ ಬೇಕು, ಹಾಗಾಗಿ ಇಳಿದು ಏರೋದೇ ಲಾಭ.

ನನ್ನ 8 ಗ್ರಾಂ ಹಕ್ಕಿಗೆ ಯಾರೂ ಯಂತ್ರ ಕಟ್ಟಿಲ್ಲ. ನನ್ನ ಹತ್ತಿರ ಇರೋದು ಒಂದು ನೋಟ್‌ಬುಕ್. ಏಪ್ರಿಲ್ 19, ಇದೆ. 20, ಇದೆ, ಎರಡು ಸಲ ಹಾಡಿತು. 21ಕ್ಕೆ ನೆಂಟರ ಮದುವೆ, ನಾನೇ ಇರಲಿಲ್ಲ. 22, ಇಲ್ಲ. 23, ಇಲ್ಲ. 'ಇಲ್ಲ' ಅಂತಲೂ ಬರೆಯಬೇಕು, ಬರೆಯದಿದ್ದರೆ ಆ ದಿನ ಹಕ್ಕಿ ಇರಲಿಲ್ಲವೋ, ನೋಡೋಕೆ ನಾನೇ ಹೋಗಿರಲಿಲ್ಲವೋ ಆಮೇಲೆ ತಿಳಿಯಲ್ಲ. ಹೊರಟಿದ್ದು 20ರ ರಾತ್ರಿಯೋ 21ರ ರಾತ್ರಿಯೋ, ಆ ಮದುವೆ ಊಟದಲ್ಲಿ ಹೋಯ್ತು. 24ರ ಬೆಳಿಗ್ಗೆ ಅದೇ ಕೊಂಬೆಯಲ್ಲಿ ಸಿಂಪಿಗ ಹಕ್ಕಿ ಕೂತು ಕಿರುಚುತ್ತಿತ್ತು, ಓಡಿಸೋರು ಇರಲಿಲ್ಲ.