ಬುರುಡೆಯನ್ನು ಹಿಂದಿನಿಂದ ನೋಡಿ

ಪಳೆಯುಳಿಕೆಗಳ ಪಾಠ ಶುರು ಮಾಡುವಾಗ ನಾನೊಂದು ಚಿತ್ರ ತೋರಿಸುತ್ತೇನೆ. ಒಂದೂಕಾಲು ಮೀಟರ್ ಉದ್ದದ ಚಪ್ಪಟೆ ತಲೆಬುರುಡೆ, ಬಾಯಿ ತುಂಬಾ ಹಲ್ಲು. ಯಾವ ಪ್ರಾಣಿ ಎಂದರೆ ಇಡೀ ಕ್ಲಾಸು "ಮೊಸಳೆ ಸಾರ್" ಎನ್ನುತ್ತದೆ. ಆಮೇಲೆ ಅದೇ ಬುರುಡೆಯ ಹಿಂಭಾಗ ತೋರಿಸುತ್ತೇನೆ. ಕತ್ತಿನ ಮೂಳೆ ಬಂದು ಕೂರುವ ಕಡೆ ಎರಡು ಉಬ್ಬುಗಳಿವೆ. ಮೊಸಳೆ, ಹಲ್ಲಿ, ಹಾವುಗಳಿಗೆ ಅಲ್ಲಿ ಒಂದೇ. ಕಪ್ಪೆಗೆ ಎರಡು. (ನಮಗೂ ಎರಡೇ. ಆದರೆ ಇದು ನಮ್ಮ ಪೈಕಿ ಅಲ್ಲ ಅನ್ನಲು ಹಲ್ಲು ನೋಡಿದರೆ ಸಾಕು.)

ಇದು ಮಾಸ್ಟೊಡಾನ್‌ಸಾರಸ್. ಸುಮಾರು 24 ಕೋಟಿ ವರ್ಷಗಳ ಹಿಂದೆ ಈಗಿನ ಜರ್ಮನಿಯ ಕೆರೆ, ಜೌಗುಗಳಲ್ಲಿದ್ದ ಉಭಯಚರ. ಉದ್ದ 4ರಿಂದ 6 ಮೀಟರ್. ಕಾಲು ಮಾತ್ರ ಚಿಕ್ಕವು.

ಹೆಸರಿನ ಕಥೆ ತಮಾಷೆಯಾಗಿದೆ. 1828ರಲ್ಲಿ ಸ್ಟುಟ್‌ಗಾರ್ಟ್‌ನ ವೈದ್ಯ ಯೇಗರ್ ಕೈಗೆ ಗೈಲ್‌ಡಾರ್ಫ್‌ನಿಂದ ಎರಡು ತುಂಡು ಬಂದವು. ಒಂದು ಹಲ್ಲು, ಇನ್ನೊಂದು ಬುರುಡೆಯ ಹಿಂಭಾಗ. ಹಲ್ಲಿನ ತುದಿ ಮುರಿದು ಮೊಲೆತೊಟ್ಟಿನಂತೆ ಕಾಣುತ್ತಿತ್ತು. ಹಾಗಾಗಿ ಮಾಸ್ಟೊಡಾನ್‌ಸಾರಸ್, ಅಂದರೆ ಮೊಲೆಹಲ್ಲಿನ ಸರೀಸೃಪ, ಎಂದು ಕರೆದರು. ಬುರುಡೆಯ ಎರಡು ಉಬ್ಬು ನೋಡಿ, ಇದು ಬೇರೆ ಪ್ರಾಣಿ, ಸಾಲಮಾಂಡರ್ (ಬಾಲವಿರುವ ಉಭಯಚರ) ಜಾತಿಯದು ಎಂದುಕೊಂಡು ಸಾಲಮಾಂಡ್ರಾಯ್ಡಿಸ್ ಎಂಬ ಹೆಸರಿಟ್ಟರು. ಆಮೇಲೆ ಎರಡೂ ಒಂದೇ ಪ್ರಾಣಿ ಎಂದು ಗೊತ್ತಾಯಿತು. ಸರಿಯಾಗಿ ಗುರುತಿಸಿದ ಹೆಸರು ಬಿದ್ದುಹೋಯಿತು, ತಪ್ಪು ಹೆಸರು ಉಳಿಯಿತು! ನನಗೆ ಇದು ಇವತ್ತಿಗೂ ಬೇಜಾರು.

ಆ ಹಲ್ಲನ್ನು ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗೆಲ್ಲ ಮಡಿಕೆ ಮೇಲೆ ಮಡಿಕೆ, ಥೇಟ್ ಚಕ್ರವ್ಯೂಹ. ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ರಿಚರ್ಡ್ ಓವನ್ ಇದನ್ನೇ ನೋಡಿ ಇಂಥ ಪ್ರಾಣಿಗಳಿಗೆ ಲ್ಯಾಬಿರಿಂಥೊಡಾನ್, ಅಂದರೆ ಚಕ್ರವ್ಯೂಹದ ಹಲ್ಲು, ಎಂದರು. ಮೈ ಹೇಗಿತ್ತೋ ಯಾರಿಗೂ ಗೊತ್ತಿರಲಿಲ್ಲ. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ ಅದನ್ನು ದೈತ್ಯ ಕಪ್ಪೆಯ ಹಾಗೆ ಮಾಡಿ ಕೂರಿಸಿದರು. ಈಗಲೂ ಅಲ್ಲೇ ಕೂತಿದೆ.

ಹುಡುಗರು ಜಾಸ್ತಿ ಕೇಳುವುದು ಮೂತಿಯ ತುದಿಯಲ್ಲಿರುವ ಎರಡು ತೂತುಗಳ ಬಗ್ಗೆ. ಮೂಗಿನ ಹೊಳ್ಳೆ ಬೇರೆಯೇ ಇವೆ, ಹಾಗಾದರೆ ಇವು ಯಾಕೆ? ಕೆಳದವಡೆಯಲ್ಲಿ ಎರಡು ದೊಡ್ಡ ಕೋರೆಹಲ್ಲುಗಳಿದ್ದವು. ಬಾಯಿ ಮುಚ್ಚಿದರೆ ಅವು ಮೇಲ್ದವಡೆಯನ್ನೂ ದಾಟಿ ಈ ತೂತುಗಳಿಂದ ಹೊರಗೆ ಬರುತ್ತಿದ್ದವು. ಕತ್ತಿಗೊಂದು ಒರೆ ಇದ್ದ ಹಾಗೆ. ಬುರುಡೆಯ ಮೇಲೆ ಸಣ್ಣ ಕಾಲುವೆಯಂಥ ಗೀರುಗಳೂ ಇವೆ. ಮೀನಿಗಿರುವಂತೆ ನೀರಿನ ಅಲುಗಾಟ ತಿಳಿಯುವ ನರಗಳು ಅಲ್ಲಿದ್ದವು. ದಡಕ್ಕೆ ಬರುವುದು ಅಪರೂಪವಾಗಿತ್ತು ಅನ್ನಲು ನನಗೆ ಆ ಗೀರುಗಳು ಸಾಕು.

1977ರಲ್ಲಿ ಜರ್ಮನಿಯ ಕುಪ್‌ಫರ್‌ಟ್ಸೆಲ್ ಬಳಿ ಹೆದ್ದಾರಿಗೆ ನೆಲ ಅಗೆಯುವಾಗ ಸಾವಿರಾರು ಮೂಳೆ ಸಿಕ್ಕವು. ಕೆಲವು ಮಾಸ್ಟೊಡಾನ್‌ಸಾರಸ್ ಮೂಳೆಗಳ ಮೇಲೆ ಕಚ್ಚಿದ ಗುರುತುಗಳಿದ್ದವು. ಅದೇ ಜಾಗದಲ್ಲಿ ಮೊಸಳೆಗಳ ದೂರದ ಬಂಧುವೊಂದೂ ಸಿಕ್ಕಿತು. ಅದರ ಹೆಸರು ಬ್ಯಾಟ್ರಕೊಟೋಮಸ್, ಅಂದರೆ ಕಪ್ಪೆ ಸೀಳುವವ.

"ನಮ್ಮ ಕಡೆ ಸಿಗುತ್ತಾ ಸಾರ್?" ಕರ್ನಾಟಕದ ಹೆಚ್ಚಿನ ಕಲ್ಲುಗಳು ಬೆನ್ನುಮೂಳೆಯ ಪ್ರಾಣಿಗಳೇ ಹುಟ್ಟದ ಕಾಲದವು. ಸುಮ್ನೆ ಹುಡುಕಬೇಡಿ. ಆದರೆ ತೆಲಂಗಾಣದ ಮಲೇರಿ ಎಂಬಲ್ಲಿನ ಕೆಂಪು ಜೇಡಿ ಪದರಗಳಲ್ಲಿ ಇದರ ನೆಂಟರು ಸಿಕ್ಕಿದ್ದಾರೆ, ಮೆಟೊಪೊಸಾರ್ ಕುಲದವರು. ಗುರುತಿಸುವುದು ಸುಲಭ. ಮಾಸ್ಟೊಡಾನ್‌ಸಾರಸ್‌ಗೆ ಕಣ್ಣುಗಳು ಬುರುಡೆಯ ನಡುವಿನಲ್ಲಿ, ಅವಕ್ಕೆ ಮೂತಿಯ ಹತ್ತಿರ.