ನರ್ಸಿಂಗ್ ವಿದ್ಯಾರ್ಥಿಗೆ ಯಾಕಿಷ್ಟು ಒತ್ತಡ?

ನರ್ಸಿಂಗ್ ಓದುವವರ ಒತ್ತಡದ ಮಾತು ಬಂದಾಗಲೆಲ್ಲ ಉಪದೇಶ ಸಿಗುವುದು ವಿದ್ಯಾರ್ಥಿಗೇ. ಧ್ಯಾನ ಮಾಡಿ, ಚೆನ್ನಾಗಿ ನಿದ್ದೆ ಮಾಡಿ. ತಪ್ಪೇನಿಲ್ಲ. ಆದರೆ ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಕ್ಲಾಸು, ರಾತ್ರಿ ಕೇರ್ ಪ್ಲಾನ್ (ರೋಗಿಯ ಆರೈಕೆಯ ಯೋಜನೆ) ಬರೆಯುತ್ತಾ ಕೂತವರು ನಿದ್ದೆ ಮಾಡುವುದು ಯಾವಾಗ? ನನ್ನ ಪ್ರಕಾರ ಈ ಒತ್ತಡದ ದೊಡ್ಡ ಪಾಲು ಇರುವುದು ತರಬೇತಿಯನ್ನು ಕಟ್ಟಿದ ರೀತಿಯಲ್ಲೇ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ನಿಧಿಯಿಂದ ನರ್ಸಿಂಗ್ ಶಾಲೆ ಶುರುವಾಯಿತು. ವಿದ್ಯಾರ್ಥಿನಿಯರಿಗೆ ಊಟ, ವಸತಿ, ಜೊತೆಗೆ ವರ್ಷಕ್ಕೆ 10 ಪೌಂಡ್. ಕಲಿಕೆ ಬಹುಪಾಲು ವಾರ್ಡಿನಲ್ಲಿ ದುಡಿಯುತ್ತಲೇ. ಯಾರು ಸಮಯಕ್ಕೆ ಬರುತ್ತಾರೆ, ಯಾರು ಸದ್ದಿಲ್ಲದೆ ಕೆಲಸ ಮಾಡುತ್ತಾರೆ, ಯಾರು ಶುಚಿಯಾಗಿರುತ್ತಾರೆ ಎಂದು ಮೇಟ್ರನ್ (ನರ್ಸ್‌ಗಳ ಮುಖ್ಯಸ್ಥೆ) ಪ್ರತಿ ತಿಂಗಳೂ ಬರೆದಿಡುತ್ತಿದ್ದರು. ಕೆಲಸವಷ್ಟೇ ಅಲ್ಲ, ನಡತೆಯೂ ಪರೀಕ್ಷೆಗೆ ಒಳಪಟ್ಟಿತ್ತು.

ಈ ಮಾದರಿ ಬೇರೆ ದೇಶಗಳಿಗೆ ಹಬ್ಬಿದಾಗ ಆಸ್ಪತ್ರೆಗಳಿಗೆ ಇನ್ನೊಂದು ಲಾಭ ಕಂಡಿತು. ಶಾಲೆ ತೆರೆದರೆ ಕಡಿಮೆ ಖರ್ಚಿನಲ್ಲಿ ಕೆಲಸದವರು ಸಿಗುತ್ತಾರೆ, ಅಲ್ವಾ? 1900ರ ಹೊತ್ತಿಗೆ ಅಮೆರಿಕದಲ್ಲಿ ಇಂಥ 400ಕ್ಕೂ ಹೆಚ್ಚು ಶಾಲೆಗಳಿದ್ದವು. ಆಸ್ಪತ್ರೆಯ ಅಗತ್ಯಕ್ಕಾಗಿ ಕಲಿಕೆಯನ್ನು ಬಲಿ ಕೊಡಲಾಗುತ್ತಿದೆ ಎಂದು ಅಲ್ಲಿನ ನರ್ಸಿಂಗ್ ಶಿಕ್ಷಣದ ಬಗ್ಗೆ ಬಂದ 1923ರ ಗೋಲ್ಡ್‌ಮಾರ್ಕ್ ವರದಿ ನೇರವಾಗಿಯೇ ಹೇಳಿತು. ಆದರೂ ಡ್ಯೂಟಿ ಪಟ್ಟಿಯಿಂದ ವಿದ್ಯಾರ್ಥಿಗಳ ಹೆಸರು ಹೋಗಲಿಲ್ಲ.

ಈ ಇತಿಹಾಸದಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು 1950ರ ದಶಕದ ಕೊನೆಯ ಒಂದು ಅಧ್ಯಯನ. ವಾರ್ಡಿನ ಅಗತ್ಯ ಮತ್ತು ತರಬೇತಿ ಎರಡನ್ನೂ ಹೊಂದಿಸಲಾಗದೆ ಲಂಡನ್ನಿನ ಒಂದು ದೊಡ್ಡ ಆಸ್ಪತ್ರೆ ಮನೋವಿಶ್ಲೇಷಕಿ ಇಸಾಬೆಲ್ ಮೆನ್ಜೀಸ್ ಅವರ ನೆರವು ಕೇಳಿತು. ಅಲ್ಲಿದ್ದ ಸುಮಾರು 700 ನರ್ಸ್‌ಗಳಲ್ಲಿ ಪೂರ್ತಿ ತರಬೇತಿ ಮುಗಿಸಿದವರು ಸುಮಾರು 150 ಮಾತ್ರ. ಮಿಕ್ಕವರೆಲ್ಲ ವಿದ್ಯಾರ್ಥಿಗಳು! ಅವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ ಓದು ಮುಗಿಸದೆ ಹೋಗುತ್ತಿದ್ದರು. ಹೆಚ್ಚಿನವರು ತಾವಾಗಿಯೇ ಬಿಟ್ಟವರು.

ನೋವು, ಸಾವು, ರೋಗಿಯ ಮೈ ಮುಟ್ಟಿ ಮಾಡುವ ಸೇವೆ ಭಯ ಹುಟ್ಟಿಸುತ್ತವೆ ಎಂಬುದು ಮೆನ್ಜೀಸ್ ಅವರಿಗೆ ಹೊಸದಾಗಿರಲಿಲ್ಲ. ಅವರು ನೋಡಿದ್ದು ಆ ಭಯವನ್ನು ಆಸ್ಪತ್ರೆ ಹೇಗೆ ಮುಚ್ಚಿಡುತ್ತದೆ ಎನ್ನುವುದನ್ನು. ಒಬ್ಬ ವಿದ್ಯಾರ್ಥಿಗೆ ಒಬ್ಬ ರೋಗಿಯನ್ನು ಪೂರ್ತಿಯಾಗಿ ವಹಿಸುತ್ತಿರಲಿಲ್ಲ. ವಾರ್ಡಿನ ಎಲ್ಲ ರೋಗಿಗಳಿಗೂ ಒಂದೆರಡು ಕೆಲಸ ಮಾಡಿ ಮುಂದೆ ಹೋಗಬೇಕು. ರೋಗಿಯನ್ನು ಹೆಸರಿನಿಂದ ಕರೆಯದೆ ಕಾಯಿಲೆ ಮತ್ತು ಹಾಸಿಗೆ ಸಂಖ್ಯೆಯಿಂದ ಗುರುತಿಸುತ್ತಿದ್ದರು. ಸಣ್ಣ ನಿರ್ಧಾರಕ್ಕೂ ಮತ್ತೆ ಮತ್ತೆ ತಪಾಸಣೆ. ರೋಗಿಯ ಜೊತೆ ನಂಟು ಬೆಳೆಯುವ ಮೊದಲೇ ಬೇರೆ ವಾರ್ಡಿಗೆ ಪೋಸ್ಟಿಂಗ್. ಇದೆಲ್ಲ ಭಯದಿಂದ ತಪ್ಪಿಸಿಕೊಳ್ಳುವ ದಾರಿಯಾಗಿತ್ತು, ಆದರೆ ಭಯವೇನೂ ಕಮ್ಮಿಯಾಗಲಿಲ್ಲ. ಅದರ ಜೊತೆಗೆ ಕೆಲಸದಲ್ಲಿ ಸಿಗಬೇಕಾದ ತೃಪ್ತಿಯೂ ಹೋಯಿತು. ಜವಾಬ್ದಾರಿ ಹೊರಬಲ್ಲ ಒಳ್ಳೆಯ ವಿದ್ಯಾರ್ಥಿಗಳೇ ಬಿಟ್ಟು ಹೋಗುತ್ತಿದ್ದರು ಎಂದೂ ಅವರು ಗಮನಿಸಿದರು. ಒತ್ತಡ ತಡೆಯಲಾರದವರು ಮಾತ್ರ ಓದು ಬಿಡುತ್ತಾರೆ ಎನ್ನುವವರು ಇದನ್ನು ಓದಬೇಕು.

ಮುಂದೆ ಒತ್ತಡವನ್ನು ಅಳೆಯುವ ಕಾಲ ಬಂತು. ತೈವಾನಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆಂದೇ 29 ಪ್ರಶ್ನೆಗಳ ಒತ್ತಡ ಮಾಪಕ ತಯಾರಾಗಿ, ಹಲವು ದೇಶಗಳಲ್ಲಿ ಬಳಕೆಗೆ ಬಂತು. ರೋಗಿಯ ಆರೈಕೆ, ಬರವಣಿಗೆಯ ಹೊರೆ, ಜ್ಞಾನ ಸಾಲದೆಂಬ ಅಳುಕು ಅದರಲ್ಲಿವೆ. ಶಿಕ್ಷಕರು ಮತ್ತು ವಾರ್ಡಿನ ಸಿಬ್ಬಂದಿಯಿಂದ ಬರುವ ಒತ್ತಡಕ್ಕೂ ಒಂದು ವಿಭಾಗವಿದೆ. ರೋಗಿಗಿಂತ ಸೀನಿಯರ್‌ಗಳಿಗೇ ಹೆದರುವ ವಿದ್ಯಾರ್ಥಿಗೆ ಆ ವಿಭಾಗ ಯಾಕೆಂದು ವಿವರಿಸಬೇಕಿಲ್ಲ.

ವ್ಯವಸ್ಥೆಯನ್ನೇ ತಿದ್ದುವ ದೊಡ್ಡ ಪ್ರಯತ್ನ ಬ್ರಿಟನ್ನಿನದು. 1989ರಿಂದ ಜಾರಿಗೆ ಬಂದ ‘ಪ್ರಾಜೆಕ್ಟ್ 2000’ ಎಂಬ ನರ್ಸಿಂಗ್ ತರಬೇತಿಯ ಸುಧಾರಣೆ ವಿದ್ಯಾರ್ಥಿಗಳನ್ನು ಬಹುಮಟ್ಟಿಗೆ ಸಿಬ್ಬಂದಿ ಲೆಕ್ಕದಿಂದ ಹೊರಗಿಟ್ಟಿತು. ಕಾಗದದ ಮೇಲೆ ಇದು ದೊಡ್ಡ ಬದಲಾವಣೆ. ಆದರೆ ವಾರ್ಡಿನಲ್ಲಿ ಜನ ಕಮ್ಮಿ ಬಿದ್ದಾಗ ಪಕ್ಕದಲ್ಲೇ ನಿಂತ ವಿದ್ಯಾರ್ಥಿಯನ್ನು ಸುಮ್ನೆ ಬಿಡುವವರು ಯಾರು?

ದುಡ್ಡಿನ ಚಿಂತೆಯೂ ಸೇರಿಕೊಂಡಿತು. ಇಂಗ್ಲೆಂಡಿನಲ್ಲಿ 2017ರಲ್ಲಿ ಹೊಸ ನರ್ಸಿಂಗ್ ವಿದ್ಯಾರ್ಥಿಗಳಿಗೆ ಸಹಾಯಧನ ನಿಲ್ಲಿಸಿ ಸಾಲದ ಪದ್ಧತಿ ತಂದರು. 2020ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ ಕನಿಷ್ಠ 5,000 ಪೌಂಡ್ ಮತ್ತೆ ಕೊಡತೊಡಗಿದರು, ಕಾಲೇಜು ಶುಲ್ಕದ ಹೊರೆ ಮಾತ್ರ ವಿದ್ಯಾರ್ಥಿಗಳ ಮೇಲೇ ಉಳಿಯಿತು. ಅದೇ ವರ್ಷ ಕೋವಿಡ್ ಬಂದಾಗ ಕೊನೆಯ ವರ್ಷದವರನ್ನು ಸಂಬಳ ಕೊಟ್ಟು ವಾರ್ಡಿಗೆ ಕರೆದರು. ತುರ್ತು ಮುಗಿದ ಮೇಲೆ ಆ ಸಂಬಳ ನಿಂತಿತು.